ಮಡಿಕೋಲು ಎತ್ತಬಲ್ಲ ಚೀಲ

ನಮ್ಮ ಮನೆಯೊಡತಿಯ ಪಾಲಿಗೆ ಪ್ರಪಂಚದಲ್ಲಿದ್ದದ್ದು ಎರಡೇ ಬಗೆಯ ವಸ್ತುಗಳು: ಮುಟ್ಟಬಹುದಾದವು, ಮುಟ್ಟಬಾರದವು. ಹತ್ತಿ, ರೇಷ್ಮೆ, ಉಣ್ಣೆ, ಹಿತ್ತಾಳೆ, ಸ್ಟೀಲು, ಬೆಕ್ಕು, ಪೋಸ್ಟ್‌ಮ್ಯಾನ್, ನಾನು, ಹೀಗೆ ಎಲ್ಲಕ್ಕೂ ಈ ಎರಡರಲ್ಲಿ ಒಂದು ಕಡೆ ಜಾಗ ನಿಗದಿಯಾಗಿತ್ತು. ನೈಲಾನ್ ಮತ್ತು ಪಾಲಿಯೆಸ್ಟರ್ ಮಾತ್ರ ಎಲ್ಲಿಗೆ ಸೇರುತ್ತವೆ ಎಂದು ತೀರ್ಮಾನವಾಗಲು ಇಡೀ ಒಂದು ಚಳಿಗಾಲ ಹಿಡಿಯಿತು. ಆ ಚಳಿಗಾಲದಲ್ಲಿ ಶುರುವಾದ ನನ್ನ ಗೊಂದಲ ಅವರು ತೀರಿಕೊಂಡ ಮೇಲೂ ಪೂರ್ತಿ ಬಗೆಹರಿದಿಲ್ಲ. ಬರೆದರೆ ತಿಳಿಯಾದೀತೇನೋ ಎಂದು ಕೂತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತುಮಕೂರಿನಿಂದ ಬಂದು ಜಯನಗರದ ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿದ್ದೆ. ಪಕ್ಕದ ಸೀಟಿನ ಪದ್ಮ ನನ್ನ ವಯಸ್ಸಿನವಳೇ. ತಾನಿರುವ ಅತ್ತೆಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ, ಒಬ್ಬಂಟಿ ಹುಡುಗಿಗೆ ಕೊಡುತ್ತಾರೋ ಇಲ್ಲವೋ ಕೇಳಿ ನೋಡೋಣ ಎಂದಳು. ಆ ಅತ್ತೆಯೇ ಇವರು. ಮೊದಲ ದಿನ ‘ಓನರಮ್ಮಾ’ ಎಂದೆ, ಮುಖ ಸಿಂಡರಿಸಿದರು. ‘ಆಂಟಿ’ ಎಂದೆ, ಇನ್ನಷ್ಟು ಸಿಂಡರಿಸಿದರು. “ದೊಡ್ಡಮ್ಮ ಅನ್ನು ಸಾಕು. ಬಾಡಿಗೆ ಕೊಡ್ತೀಯ ಅಂತ ಇಂಗ್ಲಿಷಲ್ಲಿ ಕರೀಬೇಕಾಗಿಲ್ಲ” ಎಂದರು.

ಕುಳ್ಳಗೆ, ತೆಳ್ಳಗೆ ಇದ್ದರು. ನಡೆದರೆ ಸದ್ದೇ ಆಗುತ್ತಿರಲಿಲ್ಲ, ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು. ಬೆಳಗ್ಗೆ ಸ್ನಾನ ಮುಗಿಸಿ ಮಡಿಸೀರೆ ಉಟ್ಟರೆಂದರೆ ಊಟವಾಗುವವರೆಗೆ ಯಾರೂ ಅವರನ್ನು ಸೋಕುವಂತಿರಲಿಲ್ಲ. ಹಿತ್ತಿಲ ಕಡೆಯ ಪಡಸಾಲೆಯಲ್ಲಿ ಸೂರಿಗೆ ತೂಗುಹಾಕಿದ ಒಂದು ಉದ್ದ ಬಿದಿರು. ಮಡಿಬಟ್ಟೆ ಒಗೆದು ಅದರ ಮೇಲೆ ಹರವಲು ಒಂದು ಕೋಲು. ಆ ಮಡಿಕೋಲಿನ ತುದಿಯಲ್ಲಿ ಅವರು ಒದ್ದೆ ಸೀರೆಯನ್ನು ಎತ್ತಿ, ಒಂದು ಸುಕ್ಕೂ ಇಲ್ಲದಂತೆ ಬಿದಿರಿನ ಮೇಲೆ ಹರವುವುದನ್ನು ನೋಡುವುದೇ ಒಂದು ಸೊಗಸು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. “ಅಲ್ಲೇ ನಿಂತ್ಕೋ, ನೆರಳು ಬೀಳಿಸ್ಬೇಡ” ಎನ್ನುತ್ತಿದ್ದರು.

ನಾನು ಅವರ ಪೈಕಿಯವಳಲ್ಲ. ನನಗೆಂದೇ ಒಂದು ಲೋಟ ಅಡಿಗೆಮನೆಯ ಹೊರಗಿನ ಕಿಟಕಿಯ ಮೇಲಿರುತ್ತಿತ್ತು. ಅದರಲ್ಲಿ ಬರುತ್ತಿದ್ದಂಥ ಕಾಫಿಯನ್ನು ನಾನು ಬೆಂಗಳೂರಿನಲ್ಲಿ ಬೇರೆಲ್ಲೂ ಕುಡಿದಿಲ್ಲ. ಕುಡಿದ ಮೇಲೆ ಲೋಟವನ್ನು ನಾನೇ ತೊಳೆದು ಅಲ್ಲೇ ಕವುಚಿಡಬೇಕು. ಕಾಫಿಗೆ ಸಂತೋಷಪಡಬೇಕೋ ಲೋಟಕ್ಕೆ ಸಿಟ್ಟಾಗಬೇಕೋ ತಿಳಿಯದೆ ದಿನಾ ಎರಡನ್ನೂ ಮಾಡುತ್ತಿದ್ದೆ. ನನಗೆ ಜ್ವರ ಬಂದಾಗ ಮೂರು ಹೊತ್ತೂ ಗಂಜಿ ಮಾಡಿ ಮೆಟ್ಟಿಲವರೆಗೆ ತಂದಿಟ್ಟು, ನಾನು ಅದನ್ನು ಎತ್ತಿಕೊಳ್ಳುವ ತನಕ ದೂರದಲ್ಲಿ ನಿಂತು ನೋಡಿ, ಆಮೇಲೆ ಹೋಗಿ ಮತ್ತೆ ಸ್ನಾನ ಮಾಡಿದ ಹೆಂಗಸು ಅವರು. ಇಂಥವರನ್ನು ಏನೆಂದುಕೊಳ್ಳುವುದು?

ಪದ್ಮಳಿಗೆ ಆ ವರ್ಷ ಒಂದು ಆಸೆ ಹತ್ತಿಕೊಂಡಿತ್ತು. ನಮ್ಮ ಬ್ಯಾಂಕಿನ ನೌಕರರ ಒಂದು ಗುಂಪು ಬೇಸಗೆಯಲ್ಲಿ ಹಿಮಾಲಯಕ್ಕೆ ಚಾರಣ ಹೊರಟಿತ್ತು. ಹೆಚ್ಚಿನವರು ಗಂಡಸರು, ನಾಲ್ಕೈದು ಹೆಂಗಸರೂ ಇದ್ದೆವು. ನಾನು ಹೆಸರು ಕೊಟ್ಟ ದಿನವೇ ಪದ್ಮಳೂ ಕೊಟ್ಟಳು. ವಿಲ್ಸನ್ ಗಾರ್ಡನ್ನಿನಲ್ಲಿ ಹುಟ್ಟಿ ಬೆಳೆದ ಅವಳು ಅಲ್ಲಿಯವರೆಗೆ ಹತ್ತಿದ್ದ ಅತಿ ದೊಡ್ಡ ಬೆಟ್ಟ ಎಂದರೆ ಲಾಲ್‌ಬಾಗಿನ ಬಂಡೆ. “ಒಂದ್ಸಲ ಹಿಮದ ಮೇಲೆ ಕಾಲಿಡ್ಬೇಕು ಕಣೆ. ಆಮೇಲೆ ಜೀವನ ಪೂರ್ತಿ ಕೌಂಟರಲ್ಲಿ ಕೂರಿಸಿದ್ರೂ ಕೂರ್ತೀನಿ” ಎನ್ನುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಅವಳು ತನಗೆಂದು ಏನನ್ನೂ ಕೇಳಿದವಳಲ್ಲ. ಇದನ್ನು ಕೇಳಿದಳು.

ಅವಳ ಗಂಡ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ಬಹಳ ಮೃದು. ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ದೇವರ ಮನೆಯ ಕಡೆ ತಲೆ ಹಾಕಿದವರಲ್ಲ, ಮಡಿ ಮೈಲಿಗೆ ಎಂದರೆ ನಗುತ್ತಿದ್ದರು. ಪದ್ಮ ಕೇಳಿದಾಗ, “ನಂದೇನೂ ಇಲ್ಲಪ್ಪ. ಅಮ್ಮ ಹೂಂ ಅಂದ್ರೆ ಹೋಗಿ ಬಾ” ಎಂದರಂತೆ. ಅಮ್ಮ ಹೂಂ ಎನ್ನುವುದಿಲ್ಲ ಎಂದು ನಮ್ಮ ಬೀದಿಯ ಸೊಪ್ಪಿನವಳಿಗೂ ಗೊತ್ತಿತ್ತು. ಪದ್ಮ ಅಳುಮುಖ ಮಾಡಿಕೊಂಡೇ ಅತ್ತೆಯ ಮುಂದೆ ನಿಂತಳು.

ಅವರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. “ಅಲ್ಲಿ ರಾತ್ರಿ ಹೊದ್ದುಕೊಳ್ಳೋಕೆ ಏನು?” ಎಂದು ಕೇಳಿದರು. ಕ್ಯಾಂಪಿನಲ್ಲಿ ಸ್ಲೀಪಿಂಗ್ ಬ್ಯಾಗ್ ಕೊಡುತ್ತಾರೆ, ಕಾಲಿನಿಂದ ಕುತ್ತಿಗೆಯವರೆಗೆ ಒಳಗೆ ಹೊಕ್ಕು ಜಿಪ್ ಎಳೆದುಕೊಂಡರಾಯಿತು ಎಂದು ನಾನು ವಿವರಿಸಿದೆ.

“ಅದ್ರಲ್ಲಿ ಹಿಂದಿನ ದಿನ ಯಾರು ಮಲಗಿದ್ರು?”

“ಹಿಂದಿನ ಬ್ಯಾಚಿನವ್ರು, ದೊಡ್ಡಮ್ಮ.”

“ಅದಕ್ಕೆ ಹಿಂದೆ?”

“ಅದಕ್ಕೂ ಹಿಂದಿನವ್ರು.”

“ಒಗೀತಾರಾ?”

“ಬಿಸಿಲಿಗೆ ಹಾಕ್ತಾರೆ” ಎಂದೆ. “ಊರೋರೆಲ್ಲ ಬೆವರು ಸುರಿಸಿದ ಚೀಲದಲ್ಲಿ ಮಲಗಿ ಎದ್ದು ಬಂದೋಳು ನನ್ನ ಅಡಿಗೆಮನೆಗೆ ಕಾಲಿಡೋ ಹಾಗಿಲ್ಲ. ಸ್ವಂತದ ಚೀಲ ತಗೊಳ್ಳಿ. ನಾನು ನೋಡಿ ಆಗತ್ತೆ ಅಂದ್ಮೇಲೆ ಹೊರಡೋ ಮಾತು” ಎಂದರು. ಇದು ಬೇಡ ಎನ್ನುವ ಇನ್ನೊಂದು ದಾರಿ ಎಂದು ನಮಗಿಬ್ಬರಿಗೂ ಖಾತ್ರಿಯಾಯಿತು. ಆಗ ಬೆಂಗಳೂರಿನಲ್ಲಿ ಸ್ಲೀಪಿಂಗ್ ಬ್ಯಾಗ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಸಿಗುತ್ತಿದ್ದದ್ದು ನಗು ಮಾತ್ರ. ಪಕ್ಕದ ಮನೆಯಾಕೆ ಅದನ್ನು ‘ಸ್ಲೀಪರ್ ಬ್ಯಾಗು’ ಎಂದು ಕೇಳಿಸಿಕೊಂಡು, ಚಪ್ಪಲಿಗೂ ಒಂದು ಚೀಲವೇ ಎಂದು ವಾರಗಟ್ಟಲೆ ಆಡಿಕೊಂಡರು.

ಮೊದಲು ಸಿಕ್ಕದ್ದು ಹಕ್ಕಿಪುಕ್ಕದ ಚೀಲ. ಪದ್ಮಳ ತವರಿನ ಬೀದಿಯಲ್ಲಿ ಜರ್ಮನಿಯಿಂದ ವಾಪಸಾದವರೊಬ್ಬರು ಮಾರುತ್ತೇನೆ ಎಂದಿದ್ದರು. ಮಡಿಸಿದರೆ ಎರಡು ಕೈ ಹಿಡಿಯಷ್ಟಾಗುತ್ತಿತ್ತು. ಅವರು ಹೇಳಿದ ಬೆಲೆಗೆ ನಮ್ಮಿಬ್ಬರ ಸಂಬಳವೂ ಸಾಲದು, ಆದರೂ ತೋರಿಸಿ ನೋಡೋಣ ಎಂದು ಒಂದು ದಿನದ ಮಟ್ಟಿಗೆ ತಂದೆವು. ದೊಡ್ಡಮ್ಮ ಮೂರಡಿ ದೂರ ನಿಂತು ಕೇಳಿದರು, “ಒಳಗೇನು?”

“ಬಾತುಕೋಳಿ ಪುಕ್ಕ.”

“ಎತ್ಕೊಂಡು ಹೋಗು ಆಚೆ!”

ನಾನು ಸುಮ್ಮನಿರಬಹುದಿತ್ತು. “ದೇವರ ಮನೇಲಿ ನವಿಲುಗರಿ ಇದ್ಯಲ್ಲ ದೊಡ್ಡಮ್ಮ?” ಎಂದೆ.

“ಅದು ನವಿಲು ತಾನಾಗಿ ಉದುರಿಸಿದ್ದು. ಬಾತುಕೋಳಿ ತಾನಾಗಿ ಉದುರಿಸ್ತು ಅಂತ ಯಾರಾದ್ರೂ ಬರ್ಕೊಡ್ತಾರಾ?”

ಜರ್ಮನಿಯವರು ಅಂಥದ್ದನ್ನು ಬರೆದುಕೊಡುವವರಲ್ಲ. ಚೀಲ ವಾಪಸಾಯಿತು.

ಎರಡನೆಯದು ಶಿವಾಜಿನಗರದಲ್ಲಿ ಸಿಕ್ಕಿದ ಮಿಲಿಟರಿ ಮಾಲು. ಅಗ್ಗ. ಒಳಗೆ ಹತ್ತಿಯೋ ಕಂಬಳಿಯೋ ಏನೋ ಒತ್ತಿ ತುಂಬಿದ್ದರು. ಅದನ್ನು ಬಸ್ಸಿನಲ್ಲಿ ಜಯನಗರಕ್ಕೆ ತರುವಷ್ಟರಲ್ಲೇ ನನ್ನ ಭುಜ ಬಿದ್ದುಹೋಗಿತ್ತು. ದೊಡ್ಡಮ್ಮ ಅದನ್ನು ಬಾವಿಕಟ್ಟೆಯ ಮೇಲಿಡಿಸಿ, ನಾಲ್ಕು ಕೊಡ ನೀರು ಸುರಿಸಿ, ಮಡಿಕೋಲು ತಂದರು. ಕೋಲಿನ ತುದಿ ತೂರಿಸಿ ಎತ್ತಲು ನೋಡಿದರು. ಕೋಲು ಬಿಲ್ಲಿನಂತೆ ಬಗ್ಗಿತು, ಚೀಲ ಅಲ್ಲಾಡಲಿಲ್ಲ. ಎರಡು ದಿನವಾದರೂ ಅದು ಒಣಗಲೂ ಇಲ್ಲ, ವಾಸನೆ ಬೇರೆ ಬರತೊಡಗಿತು. “ಯಾವ ಪುಣ್ಯಾತ್ಮ ಇದರೊಳಗೆ ಕಣ್ಣು ಮುಚ್ಚಿದ್ನೋ ಏನೋ. ಅದೂ ಹೋಗ್ಲಿ, ಮಳೆ ಬಂದು ನೆಂದ್ರೆ ಇವಳು ಇದನ್ನ ಹೊರ್ತಾಳಾ, ಇದು ಇವಳನ್ನ ಹೊರತ್ತಾ?” ಎಂದು ತೀರ್ಪು ಕೊಟ್ಟರು.

ಇಷ್ಟು ಸಾಲದೆಂಬಂತೆ ಶನಿವಾರ ಬಂತೆಂದರೆ ಅವರಿಗೆ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋಗಬೇಕು, ಪದ್ಮಳೇ ಜೊತೆಗೆ ಬರಬೇಕು, ತೆಂಗಿನಕಾಯಿ ಹಣ್ಣು ತುಂಬಿದ ಚೀಲವನ್ನು ಅವಳೇ ಹೊರಬೇಕು. ಬಸ್ಸಿದ್ದರೂ ನಡೆದೇ. ವಾರದ ದುಡಿಮೆ ಮುಗಿಸಿದ ಸೊಸೆಗೆ ಇದೆಂಥ ಶಿಕ್ಷೆ ಎಂದು ನನಗೆ ಮೈ ಉರಿಯುತ್ತಿತ್ತು. ಪದ್ಮಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿದೆ ಎಂದು ನಾನು ಗಮನಿಸಿದ್ದು ಎಷ್ಟೋ ವಾರಗಳಾದ ಮೇಲೆ. ಅದು ಅವರು ಬೇಕೆಂದೇ ಮಾಡಿಸಿದ್ದೋ ಹನುಮಂತನ ಮೇಲಿನ ಭಕ್ತಿಯೋ ನನಗೆ ಗೊತ್ತಿಲ್ಲ.

ಕೊನೆಗೆ ನಮ್ಮ ಗುಂಪಿನವರೊಬ್ಬರು ಸುದ್ದಗುಂಟೆಪಾಳ್ಯದ ಒಂದು ಅಂಗಡಿಯ ಗುರುತು ಹೇಳಿದರು. ಸ್ಕೂಟರ್ ಸೀಟಿನ ಕವರು, ಮಳೆಗಾಲದ ಟಾರ್ಪಾಲು ಹೊಲಿಯುವವರು. ಚಾರಣ ಮಾಡುವವರಿಗಾಗಿ ನೈಲಾನ್ ಬಟ್ಟೆಯೊಳಗೆ ಪಾಲಿಯೆಸ್ಟರ್ ಹತ್ತಿ ತುಂಬಿದ ಚೀಲವನ್ನೂ ಹೊಲಿದುಕೊಡುತ್ತಿದ್ದರು. ಪುಕ್ಕದ ಚೀಲಕ್ಕೆ ಹೋಲಿಸಿದರೆ ಬೆಲೆ ಎಷ್ಟೋ ಕಡಿಮೆ. ಅಲ್ಲಿ ಇನ್ನೊಂದು ಗೊಂದಲ ಕಾದಿತ್ತು. “ಮೇಡಂ, ಬೆಚ್ಚಗೆ ಬೇಕಾ, ಹಗುರ ಬೇಕಾ, ಕಮ್ಮಿ ರೇಟ್ ಬೇಕಾ? ಎರಡು ಕೇಳಿ, ಕೊಡ್ತೀನಿ. ಮೂರೂ ಕೇಳಿದ್ರೆ ನಾನು ಅಂಗಡಿ ಮುಚ್ಬೇಕು” ಎಂದರು ಅಂಗಡಿಯವರು. ಪದರ ಹೆಚ್ಚಿಸಿದರೆ ಬೆಚ್ಚಗಾಗುತ್ತದೆ, ಭಾರವಾಗುತ್ತದೆ. ಕಡಿಮೆ ಮಾಡಿದರೆ ಹಗುರ, ಆದರೆ ಚಳಿ. ಜಿಪ್ ಪೂರ್ತಿ ಇಟ್ಟರೆ ಬಿಚ್ಚಿ ರಜಾಯಿಯಂತೆ ಹೊದೆಯಬಹುದು, ಅರ್ಧ ಇಟ್ಟರೆ ತೂಕ ಉಳಿಯುತ್ತದೆ. ನಾವಿಬ್ಬರೂ ಬ್ಯಾಂಕಿನಲ್ಲಿ ದಿನಾ ಲೆಕ್ಕ ನೋಡುವವರು, ಆ ಅಂಗಡಿಯಲ್ಲಿ ಬೆಪ್ಪಾಗಿ ನಿಂತೆವು. ಕೊನೆಗೆ ತೆಳುವಿನದೊಂದು, ದಪ್ಪದ್ದೊಂದು, ಎರಡು ಮಾದರಿ ಚೀಲಗಳನ್ನು ಕೇಳಿ ತಂದೆವು.

ಅವು ಮನೆಗೆ ಬಂದ ಸಂಜೆ ಪದ್ಮಳ ಗಂಡ ಹಿತ್ತಿಲಿಗೆ ಬಂದರು. ಅಪರೂಪಕ್ಕೆ ಬಂದದ್ದು. ದೊಡ್ಡಮ್ಮ ನನ್ನನ್ನು ಕೇಳುತ್ತಿದ್ದರು, ಪಾಲಿಯೆಸ್ಟರ್ ಎಂದರೆ ಯಾವ ಗಿಡದ್ದು ಎಂದು. ಗಿಡದ್ದಲ್ಲ, ಪೆಟ್ರೋಲಿನಂಥದ್ದರಿಂದ ಮಾಡುತ್ತಾರೆ ಎಂದೆ. ಪೆಟ್ರೋಲ್ ಎಲ್ಲಿಂದ? ಭೂಮಿಯೊಳಗಿಂದ. “ಹಾಗಾದ್ರೆ ಭೂಮಿತಾಯಿ ಕೊಟ್ಟಿದ್ದು. ದೋಷ ಇಲ್ಲ” ಎಂದು ಅವರು ತೀರ್ಮಾನಿಸುತ್ತಿದ್ದಂತೆ ಮಗ ಬಾಯಿ ಹಾಕಿದರು.

“ಅಮ್ಮಾ, ಪೆಟ್ರೋಲಿಯಂ ಅಂದ್ರೆ ಏನು ಗೊತ್ತಾ? ಕೋಟ್ಯಂತರ ವರ್ಷದ ಹಿಂದೆ ಸತ್ತ ಸಮುದ್ರದ ಜೀವಿಗಳು ಕೊಳೆತು ಆಗಿದ್ದು. ನಿನಗೆ ಗೊತ್ತಿರ್ಲಿ ಅಂತ ಹೇಳ್ದೆ.”

ಪದ್ಮ ಕಣ್ಣು ಮುಚ್ಚಿಕೊಂಡಳು. ನನಗೆ ತಲೆ ಕೆಟ್ಟುಹೋಯಿತು. ಮಡಿಯನ್ನು ನಗೆಯಾಡುತ್ತಿದ್ದ ಈ ಮನುಷ್ಯನಿಗೆ ಇದ್ದಕ್ಕಿದ್ದಂತೆ ಅಮ್ಮನ ಮಡಿಯ ಕಾಳಜಿ ಯಾಕೆ ಬಂತು? ದೊಡ್ಡಮ್ಮ ಮಗನ ಮುಖವನ್ನೇ ದಿಟ್ಟಿಸಿ ನೋಡಿದರು.

“ಸೀಮೆಎಣ್ಣೆ ಎಲ್ಲಿಂದ ಬರತ್ತೋ?” ಎಂದರು.

“ಅದೂ ಅಲ್ಲಿಂದಲೇ.”

“ಸೀಮೆಎಣ್ಣೆ ಸ್ಟವ್ ಮೇಲೆ ತಾನೇ ನಾನು ದೇವರ ನೈವೇದ್ಯ ಮಾಡ್ತಿರೋದು? ಇಷ್ಟು ವರ್ಷ ನೀನು ಯಾಕೆ ಹೇಳ್ಲಿಲ್ಲ?”

ಮಗ ಕನ್ನಡಕ ಒರೆಸಿಕೊಂಡರು.

“ಕೋಟಿ ವರ್ಷ ಆದ್ಮೇಲೆ ಯಾವ ಸೂತಕವೂ ಇರಲ್ಲ. ಹೋಗು, ನಿನ್ನ ಪೇಪರ್ ತಿದ್ದು ಹೋಗು” ಎಂದು ಅವರನ್ನು ಕಳಿಸಿ, ಎರಡು ಚೀಲಗಳಿಗೂ ನೀರು ಹಾಕಿಸಿದರು. ಮಾರನೆಯ ಬೆಳಗ್ಗೆ ಮಡಿಕೋಲು ತಂದರು. ದಪ್ಪದ್ದು ಅರ್ಧಕ್ಕೆ ಏರಿ ಜಾರಿ ಬಿತ್ತು. ತೆಳುವಿನದು ಕೋಲಿನ ತುದಿಯಲ್ಲಿ ಸೀರೆಯಂತೆಯೇ ಮೇಲೇರಿ ಬಿದಿರಿನ ಮೇಲೆ ಕೂತಿತು. ಮಧ್ಯಾಹ್ನ ನಾವು ಊಟಕ್ಕೆ ಬಂದಾಗ ಒಣಗಿತ್ತು.

“ಇದು ಆಗತ್ತೆ” ಎಂದರು.

“ಆದ್ರೆ ಅತ್ತೆ, ಇದು ತೆಳು. ಅಲ್ಲಿ ತುಂಬಾ ಚಳಿ ಇರತ್ತಂತೆ” ಎಂದಳು ಪದ್ಮ. ಅವಳಿಗೆ ಸಂತೋಷಪಡಲೂ ಭಯ.

“ಉಣ್ಣೆ ಶಾಲು ಸುತ್ಕೊಂಡು ಒಳಗೆ ಹೋಗು. ಕಾಲುಚೀಲ ಹಾಕ್ಕೋ. ಶಾಲು ಹಗಲು ಹೊದಿಯೋಕೂ ಆಗತ್ತೆ. ಬೆಚ್ಚಗಿದೆ ಅಂತ ಭಾರದ್ದು ತಗೊಂಡ್ರೆ ಅರ್ಧ ದಾರೀಲಿ ಬಿಸಾಕಿ ಬರ್ತೀಯ.”

ಆ ವಾರ ಪದ್ಮ ಮಹಡಿಯ ಬಯಲಿನಲ್ಲಿ ಮಲಗಿ ಪರೀಕ್ಷೆ ಮಾಡಬೇಕಾಯಿತು. ಜನವರಿಯ ಚಳಿ, ಬೆಳಗಾದರೆ ಮಂಜು. ಬೆಳಗ್ಗೆ ಕೆಳಗಿಂದ ಕೂಗು ಬಂತು, “ಎಲ್ಲಿ ಚಳಿ ಆಯ್ತೇ?” “ಬೆನ್ನಿಗೆ ಅತ್ತೆ!” “ನೆಲದಿಂದ ಬರೋ ಚಳಿ ಅದು. ಕೆಳಗೊಂದು ಚಾಪೆ ಹಾಕ್ಕೋ!” ಬೀದಿಯ ಜನವೆಲ್ಲ ಕೇಳಿಸಿಕೊಂಡು, ಪಾಪ ಆ ಹುಡುಗಿಯನ್ನು ಅತ್ತೆ ಮನೆಯಿಂದ ಹೊರಗೆ ಮಲಗಿಸಿದ್ದಾಳೆ ಎಂದು ಮಾತಾಡಿಕೊಂಡರು. ಹಿಮಾಲಯವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣದ ಇವರಿಗೆ ಇದೆಲ್ಲ ಹೇಗೆ ಹೊಳೆಯುತ್ತಿತ್ತೋ. ಅಷ್ಟೂ ಸರಿಯಾಗಿರುತ್ತಿತ್ತು ಎಂದೇನಲ್ಲ. ನೆತ್ತಿಗೆ ಚಳಿ ಹೋಗಬಾರದೆಂದು ಹರಳೆಣ್ಣೆಯ ಒಂದು ಸೀಸೆಯನ್ನೂ ಕಟ್ಟಿದರು, ಅದು ರೈಲಿನಲ್ಲೇ ಸೋರಿತು.

ಪದ್ಮ ಹೋಗಿ ಬಂದಳು. ಹಿಮದ ಮೇಲೆ ಕಾಲಿಟ್ಟಳು, ಜಾರಿ ಬಿದ್ದಳು, ಬಿದ್ದಲ್ಲೇ ಕೂತು ನಕ್ಕಳು. ವಾಪಸು ಬಂದ ದಿನ ದೊಡ್ಡಮ್ಮ ಅವಳನ್ನು ಹಿತ್ತಿಲಿನಿಂದಲೇ ಒಳಗೆ ಕರೆದುಕೊಂಡು, ಬಿಸಿನೀರು ಹೊಯ್ದು, ಚೀಲ ಒಗೆಸಿ, ಮಡಿಕೋಲಿನಲ್ಲಿ ಬಿದಿರಿಗೆ ಹಾಕಿದರು. “ಚಳಿ ಆಯ್ತಾ?” ಎಂದಷ್ಟೇ ಕೇಳಿದರು. ಹಿಮ ಹೇಗಿತ್ತು ಎಂದು ಕೇಳಲೇ ಇಲ್ಲ. ನನ್ನ ಲೋಟ, ನಾನು ಮದುವೆಯಾಗಿ ಆ ಮನೆ ಬಿಡುವವರೆಗೂ, ಅದೇ ಕಿಟಕಿಯ ಮೇಲೇ ಇತ್ತು. ನನಗೆ ಅವರ ಮೇಲೆ ಪ್ರೀತಿ ಇತ್ತು, ಆ ಲೋಟವನ್ನು ಮಾತ್ರ ನಾನು ಕ್ಷಮಿಸಿಲ್ಲ. ಎರಡೂ ನಿಜ.

ಅವರ ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಪದ್ಮಳನ್ನು ಕೇಳಿದೆ, “ಅವತ್ತು ಅವ್ರು ನಿನ್ನ ತಡೀತಿದ್ರೋ, ಕಳಿಸ್ತಿದ್ರೋ?” ಪದ್ಮ ಎಲೆಅಡಿಕೆ ಮಡಿಸುತ್ತಾ, “ನಂಗೂ ಗೊತ್ತಿಲ್ಲ ಕಣೆ. ಎರಡೂ ಇರ್ಬೇಕು” ಎಂದಳು. ನಾವು ಹಿಮಾಲಯಕ್ಕೆ ಹೊರಟ ದಿನ ಅವರು ಆಡಿದ ಮಾತನ್ನು ಇಲ್ಲಿ ಬರೆಯದೆ ಹೋದರೆ ಓದುವವರೂ ಇದೇ ಗೊಂದಲದಲ್ಲಿ ಉಳಿಯುತ್ತಾರೆ.

ಅವತ್ತು ಮಧ್ಯಾಹ್ನ ನಮ್ಮ ಗಂಟುಮೂಟೆಗಳೆಲ್ಲ ಮುಂದಿನ ವೆರಾಂಡಕ್ಕೆ ಬಂದಿದ್ದವು. ಪದ್ಮ ಕ್ಯಾನ್ವಾಸ್ ಶೂ ಹಾಕಿಕೊಳ್ಳುತ್ತಿದ್ದಳು. ಅವಳ ಗಂಡ ಬಂದು ಪಕ್ಕದಲ್ಲಿ ಕೂತು, ಎಂದಿನ ಮೃದು ದನಿಯಲ್ಲಿ ಹೇಳಿದರು:

“ಪದ್ಮಾ, ಅಮ್ಮನ ಮುಖ ನೋಡಿದ್ಯಾ? ಬಾಯಿಬಿಟ್ಟು ಹೇಳಲ್ಲ ಅಷ್ಟೆ, ಅವಳಿಗೆ ಚೂರೂ ಮನಸ್ಸಿಲ್ಲ. ಇಷ್ಟು ದಿನ ಅವಳ ಮಡಿಗೆ ನೀರು ತುಂಬಿಕೊಡೋರು ಯಾರು? ನಂದೇನೂ ಇಲ್ಲ, ನೀನು ಹೋದ್ರೆ ನನಗೆ ಸಂತೋಷವೇ. ಅಮ್ಮನಿಗೋಸ್ಕರ ಯೋಚನೆ ಮಾಡು ಅಂತಿದೀನಿ.”

ಪದ್ಮಳ ಕೈ ಲೇಸಿನ ಮೇಲೆಯೇ ನಿಂತಿತು. ಅವಳು ವಾದ ಮಾಡುವವಳಲ್ಲ. ನಿಧಾನವಾಗಿ ಶೂ ಬಿಚ್ಚತೊಡಗಿದಳು. ಅಮ್ಮನ ಹೆಸರು ಬಂದ ಮೇಲೆ ಬಾಡಿಗೆಯವಳು ಏನು ಹೇಳಿಯಾಳು?

ಹೊಸ್ತಿಲ ಒಳಗೆ ದೊಡ್ಡಮ್ಮ ಬಂದು ನಿಂತಿದ್ದರು, ಮಡಿಯಲ್ಲಿ.

“ನನಗೆ ಮನಸ್ಸಿಲ್ಲ ಅಂತ ನಿನಗೆ ಯಾರು ಹೇಳಿದ್ರು?”

“ಹಾಗಲ್ಲಮ್ಮ, ನಿನಗೆ ಕಷ್ಟ ಆಗತ್ತಲ್ಲ ಅಂತ...”

“ನೀರು ನಾನು ತುಂಬ್ಕೋತೀನಿ. ಇಷ್ಟು ದಿನ ನನ್ನ ಮಡಿಯೊಳಗೆ ನೀನು ಬೆಚ್ಚಗೆ ಮಲಗಿದ್ದು ಸಾಕು. ಎದ್ದು ಆಚೆ ಬಾ. ಅವಳು ಹೋಗೋದು ನಿನಗೆ ಬೇಡ ಅಲ್ವಾ? ಬೇಡ ಅನ್ನು. ನಿನ್ನ ಬಾಯಲ್ಲಿ ಅನ್ನು. ನೀನು ಗಂಡ, ನೀನು ಅಂದ್ರೆ ಅವಳು ಕೂತ್ಕೋತಾಳೆ. ನಾನೂ ತುಟಿ ಬಿಚ್ಚಲ್ಲ.”

ಅವರ ಮಗ ತಾಯಿಯನ್ನು ನೋಡಿದರು, ಹೆಂ‌ಡತಿಯನ್ನು ನೋಡಿದರು. ಬಾಯಿ ತೆರೆದರು. ಪದ್ಮ ಅವರ ಬಾಯನ್ನೇ ನೋಡುತ್ತಿದ್ದಳು, ನಾನೂ. ಆ ಎರಡಕ್ಷರದ ಮಾತು ಹೊರಗೆ ಬರಲಿಲ್ಲ. ಕೊನೆಗೆ “ಆಟೋ ತರ್ತೀನಿ” ಎಂದು ಎದ್ದು ಚಪ್ಪಲಿ ಮೆಟ್ಟಿ ಹೋದರು.

ಪದ್ಮ ಅಳುತ್ತಾ ಅತ್ತೆಯ ಕಾಲು ಹಿಡಿಯಲು ಬಗ್ಗಿದಳು. ಅವರು ಗಾಬರಿಯಿಂದ ಹಿಂದೆ ಸರಿದು, “ಮುಟ್ಬೇಡ, ಮುಟ್ಬೇಡ! ಅಲ್ಲಿಂದ್ಲೇ ಮಾಡು” ಎಂದರು. ಪದ್ಮ ಅಲ್ಲಿಂದಲೇ ನಮಸ್ಕಾರ ಮಾಡಿ, ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಳು. ವೆರಾಂಡದಲ್ಲಿ ಉಳಿದದ್ದು ನಾನು ಮತ್ತು ಹೊಸ್ತಿಲ ಆಚೆ ಅವರು.

“ದೊಡ್ಡಮ್ಮ, ಹಾಗಾದ್ರೆ ಅವಳು ಹೋಗೋದು ನಿಮಗೆ ಇಷ್ಟ ಇತ್ತಾ?” ಎಂದೆ.

“ಚೂರೂ ಇಲ್ಲ” ಎಂದರು. “ಗಂಡಸ್ರ ಜೊತೆ ಕಾಡು ಬೆಟ್ಟ ಅಲೆಯೋದು, ಚೀಲದಲ್ಲಿ ಮಲಗೋದು, ಇದೆಂಥ ಹುಚ್ಚು ಅಂತ್ಲೇ ಈಗ್ಲೂ ಅನ್ಸತ್ತೆ.”

“ಮತ್ಯಾಕೆ ಕಳಿಸ್ತಿದೀರಾ?”

ಅವರು ಬೀದಿಯ ಕಡೆ ನೋಡಿದರು. ಮಗ ಆಟೋ ತರಲು ಹೋದ ದಿಕ್ಕಿಗೆ.

“ಮದುವೆ ಆದ ಹೊಸದ್ರಲ್ಲಿ ನನಗೆ ಮೈಸೂರಲ್ಲಿ ಟೀಚರ್ ಟ್ರೈನಿಂಗ್ ಸೀಟ್ ಸಿಕ್ಕಿತ್ತು. ಇವರಪ್ಪನ್ನ ಕೇಳ್ದೆ, ನಂದೇನಿಲ್ಲ, ಅಮ್ಮ ಒಪ್ಪಲ್ಲ ಅಂದ್ರು. ಅತ್ತೆನ ಕೇಳ್ದೆ, ನಂದೇನಿದೆ, ಅವನಿಗೇ ಇಷ್ಟ ಇಲ್ಲ ಅಂದ್ರು. ಇಬ್ರೂ ಒಳ್ಳೆಯೋರೇ. ಇಬ್ರೂ ಹೋದ್ರು. ನನಗೆ ಹೋಗ್ಬೇಡ ಅಂದಿದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ ನೋಡು.”